ಅಜ್ಜಿಯ ಪಾವಿನಲ್ಲಿ ಪೆಟ್ರೋಲು

ನಮ್ಮ ಹಲಸೂರಿನ ಮನೆ ನನಗೆ ಮೊದಲು ನೆನಪಾಗುವುದು ಮೂಗಿಗೆ, ಆಮೇಲೆ ಕಣ್ಣಿಗೆ. ಮೂರೇ ಕೋಣೆಯ ಮನೆ, ಮೂರಕ್ಕೂ ಬೇರೆ ಬೇರೆ ವಾಸನೆ. ಬೀದಿಗೆ ತೆರೆದ ಕೋಣೆಯಲ್ಲಿ ಅಪ್ಪನ ನಶ್ಯ, ನಡುಮನೆಯಲ್ಲಿ ಅಜ್ಜಿಯ ಹರಳೆಣ್ಣೆ, ಹಿಂದಿನ ಕತ್ತಲೆ ಕೋಣೆಯಲ್ಲಿ ತುಂಗತ್ತೆಯ ಕಾರ್ಬಾಲಿಕ್ ಸೋಪು. ಅಡುಗೆಮನೆಯೂ ಬಚ್ಚಲೂ ಹಿತ್ತಲ ಕಡೆಗೆ ಒತ್ತಿಕೊಂಡಿದ್ದವು. ಕಾರ್ತಿಕ ಮಾಸದಲ್ಲಿ ಕೆರೆಯ ಮೇಲಿಂದ ಎದ್ದ ಮಂಜು ಬೀದಿಯುದ್ದಕ್ಕೂ ತೆವಳಿ, ಯಾರನ್ನೂ ಕೇಳದೆ ನಮ್ಮ ಕಿಟಕಿಯೊಳಕ್ಕೆ ಬರುತ್ತಿತ್ತು. ದಂಡಿನ ಬಾರಿಕ್ಕುಗಳ ಕಡೆಯಿಂದ ಬೆಳಗಿನ ಕಹಳೆ ಕೇಳಿಸಿದರೆ ನಾನು ಅತ್ತೆಯ ಕಂಬಳಿಯೊಳಗೆ ಇನ್ನಷ್ಟು ಹುದುಗಿಕೊಳ್ಳುತ್ತಿದ್ದೆ. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಕಹಳೆ ಎಲ್ಲಿ ಮುಗಿಯಿತು, ಅಜ್ಜಿಯ ಸುಪ್ರಭಾತ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಅತ್ತೆಯ ಬೆನ್ನು ಬೆಚ್ಚಗಿರುತ್ತಿತ್ತು. ನನಗೆ ಗೊತ್ತಿದ್ದ ಸುಖವೆಲ್ಲ ಆಗ ಆ ಕಂಬಳಿಯ ಅಳತೆಯದೇ ಆಗಿತ್ತು.

ತುಂಗತ್ತೆ ಅಪ್ಪನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಬಂದವಳನ್ನು ಮೂಲೆ ಹಿಡಿಯಲು ಅಪ್ಪ ಬಿಡಲಿಲ್ಲ, ದಾದಿಯ ತರಬೇತಿಗೆ ಕಳಿಸಿದ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ನೀಲಿ ಅಂಚಿನ ಬಿಳಿ ಸೀರೆಯುಟ್ಟು, ಹಸುಗೂಸುಗಳನ್ನು ತೂಗುವ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಮರ್ಫಿ ಟೌನಿನ ಗಲ್ಲಿಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದಳು. ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಬಾಣಂತಿಯರನ್ನು ಕನ್ನಡದಲ್ಲೂ ತಮಿಳಿನಲ್ಲೂ ದಖ್ಖನಿಯಲ್ಲೂ ಗದರುವುದಕ್ಕೇ ಸರ್ಕಾರ ಅವಳಿಗೆ ಸಂಬಳ ಕೊಡುತ್ತದೆಂದು ನಾನು ತಿಳಿದಿದ್ದೆ. ಅಷ್ಟು ಜೋರಿನವಳ ದನಿ ನಮ್ಮ ಹೊಸ್ತಿಲು ದಾಟಿದೊಡನೆ ಇಳಿದುಬಿಡುತ್ತಿತ್ತು. ಹಬ್ಬಹರಿದಿನಕ್ಕೆ ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬಂದರೆ, ಯಾರೂ ಹೇಳದಿದ್ದರೂ ಅತ್ತೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯಲು ಕೂರುತ್ತಿದ್ದಳು. ಬಂದವರು ಹೋಗುವವರೆಗೂ ಒಗೆಯುತ್ತಿದ್ದಳು. ಒಗೆದು ಹಿಂಡಿಟ್ಟ ಸೀರೆಯನ್ನೇ ಮತ್ತೆ ನೀರಿಗೆ ಹಾಕುತ್ತಿದ್ದುದನ್ನು ನಾನು ಒಮ್ಮೆ ನೋಡಿದ್ದೇನೆ. ಆಗ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಅಜ್ಜಿಗೂ ಅವಳಿಗೂ ನಡೆಯುತ್ತಿದ್ದ ಒಂದೇ ಒಂದು ಬಹಿರಂಗ ಜಗಳ ಹರಳೆಣ್ಣೆಯದು. ಅಜ್ಜಿಯ ಶಾಸ್ತ್ರದಲ್ಲಿ ಸಕಲ ರೋಗಕ್ಕೂ ಮೂಲ ಉಷ್ಣ, ಸಕಲ ಉಷ್ಣಕ್ಕೂ ಮದ್ದು ನೆತ್ತಿಯ ಮೇಲಿನ ಹರಳೆಣ್ಣೆ. ಪರಸ್ಥಳದಿಂದ ಯಾರೇ ಬರಲಿ, ಮರುದಿನ ಮಣೆ ಹಾಕಿ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ಬಿಸಿನೀರು ಹುಯ್ದು ಸೀಗೆಪುಡಿಯಲ್ಲಿ ತಿಕ್ಕಿದ ಮೇಲೆಯೇ ಅವರು ನಮ್ಮ ಮನೆಯವರು. ಎಣ್ಣೆ ಬೀಳದ ತಲೆಯನ್ನು ಅವಳು ನಂಬುತ್ತಿರಲಿಲ್ಲ. ನೆರೆಮನೆಯವರು ಹಸುಗೂಸನ್ನು ತಂದು ಅಜ್ಜಿಯ ಕಾಲ ಮೇಲೆ ಮಲಗಿಸಿದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

"ನೆತ್ತಿ ಮೇಲೆ ಆ ಮೆತ್ತಗಿರೋ ಜಾಗಕ್ಕೆ ಎಣ್ಣೆ ತುಂಬಬೇಡಿ ಅಂತ ನಾನು ಊರಿಗೆಲ್ಲಾ ಹೇಳ್ಕೊಂಡು ಬರ್ತೀನಿ. ನಮ್ಮನೇಲೇ ನೀನು ತುಂಬ್ತೀಯಲ್ಲಮ್ಮಾ!"

"ನಿನ್ನ ನೆತ್ತಿಗೂ ತುಂಬಿದ್ದೆ. ಅದಕ್ಕೇ ನಿನಗೆ ಇಷ್ಟೊಂದು ಬುದ್ಧಿ ಬಂದಿರೋದು," ಎನ್ನುತ್ತಿದ್ದಳು ಅಜ್ಜಿ.

ಮಹಾಯುದ್ಧ ಮುಗಿದಿತ್ತು. ಪರದೇಶದ ಸಿಪಾಯಿಗಳು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ಒಂದು ಸಂಜೆ ಅತ್ತೆ ಕಾಗದವೊಂದನ್ನು ಹಿಡಿದು ಮನೆಗೆ ಬಂದಳು. ಕೆ.ಆರ್. ಪುರದಲ್ಲಿ ತಾಯಿ ಮಕ್ಕಳಿಗೆಂದು ಹೊಸ ಕೇಂದ್ರ ತೆರೆದಿದ್ದರು. ಅದಕ್ಕೆ ಅವಳನ್ನು ವರ್ಗ ಮಾಡಿದ್ದರು. ಇನ್ನೆರಡು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಹಾಜರಿರಬೇಕು. ಬೇಕಿದ್ದರೆ ಪಕ್ಕದಲ್ಲೇ ಕ್ವಾರ್ಟರ್ಸ್ ಇದೆ.

"ಕ್ವಾರ್ಟರ್ಸ್ ಅಂದ್ರೆ ಏನತ್ತೆ?" ಎಂದು ಕೇಳಿದೆ.

"ಒಂದು ರೂಮು ಕಣೆ ಇಂದೂ. ಒಂದು ಪುಟ್ಟ ಅಡುಗೆಮನೆ. ಮುಂದೆ ಒಂದು ಹೊಂಗೆ ಮರ ಇದೆಯಂತೆ."

ಮರದ ಸುದ್ದಿಯನ್ನು ಅವಳೇಕೆ ಹೇಳಿದಳೆಂದು ನಾನು ಯೋಚಿಸಲಿಲ್ಲ. ಕಂಬಳಿಯಲ್ಲಿ ಅವಳ ಜಾಗ ಖಾಲಿಯಾಗುತ್ತದೆ ಎನ್ನುವಷ್ಟು ಮಾತ್ರ ನನಗೆ ಅರ್ಥವಾಯಿತು. ಊಟದ ತಟ್ಟೆಯ ಮುಂದೆಯೇ ಗೋಳೋ ಎಂದು ಅತ್ತುಬಿಟ್ಟೆ. ಅಜ್ಜಿ ಕಣ್ಣೀರು ಹಾಕಲಿಲ್ಲ, ಅಪ್ಪನ ಕಡೆ ತಿರುಗಿ ಗುಡುಗಿದಳು.

"ಒಂಟಿ ಹೆಂಗಸು ಊರಾಚೆ ಮನೆ ಮಾಡ್ಕೊಂಡಿರೋದುಂಟೇನೋ? ನಾಳೆ ಜನ ಏನಂತಾರೆ? ಬೇಡ ಅಂದ್ರೆ ಬೇಡ. ಕೆಲಸ ಬೇಕಾದ್ರೆ ಇಲ್ಲಿಂದಲೇ ಹೋಗಿ ಬರ್ಲಿ."

"ಹೋಗಿ ಬರೋದು ಹೆಂಗತ್ತೆ?" ಎಂದಳು ಅಮ್ಮ, ಅಜ್ಜಿಗೆ ಸಾರು ಬಡಿಸುತ್ತ. "ಆ ಇದ್ದಿಲು ಬಸ್ಸಲ್ಲಾ?"

ಪೆಟ್ರೋಲಿಗೆ ರೇಷನ್ನು ಬಂದ ಮೇಲೆ ನಮ್ಮ ಕಡೆಯ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ನಮ್ಮ ಬಚ್ಚಲ ಹಂಡೆಯಂಥ ಒಲೆ. ಹೊರಡುವ ಮೊದಲು ಅದನ್ನು ತಿದಿಯೂದಿ ಎಬ್ಬಿಸಬೇಕು, ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಅಂಥ ಬಸ್ಸನ್ನು ನಂಬಿ ಎಂಟು ಗಂಟೆಗೆ ಕೆ.ಆರ್. ಪುರ ಸೇರುತ್ತೇನೆಂದರೆ ಯಾರಾದರೂ ನಗಬೇಕು. ದಿನವೂ ಜಟಕಾ ಮಾಡಿಸಿಕೊಂಡರೆ ಅತ್ತೆಯ ಸಂಬಳವನ್ನು ಕುದುರೆಯೇ ಮೇಯುತ್ತಿತ್ತು. ಅಪ್ಪ ಬಹಳ ಹೊತ್ತು ಬೆರಳಿಂದ ತಟ್ಟೆಯ ಅಂಚು ಸವರಿ, ಕೊನೆಗೆ ತಲೆಯೆತ್ತಿ, ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಆಡದ ಮಾತನ್ನಾಡಿದ.

"ತುಂಗಂಗೆ ಒಂದು ಮೋಟಾರು ಗಾಡಿ ತಂದ್ರೆ ಹೆಂಗೆ?"

ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತ. ಯಂತ್ರಗಳ ಬಿಡಿಭಾಗಗಳ ಹೆಸರೆಲ್ಲ ಅವನಿಗೆ ಬಾಯಿಪಾಠ, ಆದರೆ ಒಂದು ತಿರುಪು ಬಿಗಿ ಮಾಡಲು ಬಾರದು. ಅದಕ್ಕೇ ಅವನು ಮರುದಿನ ಶಿವಾಜಿನಗರಕ್ಕೆ, ಆಗ ಅದಕ್ಕೆ ಬೇರೆ ಹೆಸರಿತ್ತು, ಖಾದರ್ ಸಾಬರ ಶೆಡ್ಡಿಗೆ ಹೋದ. ದಂಡಿನವರು ಬಿಟ್ಟುಹೋದ ಗಾಡಿಗಳನ್ನು ಹರಾಜಿನಲ್ಲಿ ಹಿಡಿದು, ರಿಪೇರಿ ಮಾಡಿ ಮಾರುವುದು ಸಾಬರ ಕಸುಬು. ಅವರ ಮೊಮ್ಮಗಳು ಬಡಕಲಾಗಿ ಹುಟ್ಟಿದಾಗ ಅತ್ತೆ ತಿಂಗಳುಗಟ್ಟಲೆ ಹೋಗಿ ತೂಗಿ, ಹಾಲಿನ ಲೆಕ್ಕ ಹೇಳಿಕೊಟ್ಟು ಉಳಿಸಿದ್ದಳು. ಆ ಋಣದಿಂದಲೋ ಏನೋ, ಮುಂದಿನ ಭಾನುವಾರ ಸಾಬರು ಒಂದಲ್ಲ ಮೂರು ಗಾಡಿಗಳನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದರು. ಬೀದಿಗೆ ಬೀದಿಯೇ ನಮ್ಮ ಜಗಲಿಯ ಮುಂದೆ ಸೇರಿತು.

ಮೊದಲನೆಯದು ಟಪಾಲು ಸಿಪಾಯಿಗಳು ಓಡಿಸುತ್ತಿದ್ದ ದೊಡ್ಡ ಫಟಫಟಿ. ಎರಡನೆಯದು ಸೈಕಲ್ಲೇ, ಆದರೆ ಪೆಡಲುಗಳ ನಡುವೆ ತೆಂಗಿನಕಾಯಿ ಗಾತ್ರದ ಇಂಜಿನ್ನು ಕೂರಿಸಿದ್ದರು. ಮೂರನೆಯದನ್ನು ನಾವು ಯಾರೂ ಕಂಡಿರಲಿಲ್ಲ. ಚಿಕ್ಕ ಚಿಕ್ಕ ಚಕ್ರ, ಮುಂದೆ ಕಾಲಿಡಲು ಮಣೆಯಂಥ ತಗಡು, ಕುರ್ಚಿಯ ಹಾಗೆ ಕೂರುವ ಸೀಟು, ಅದರ ಹಿಂದೆ ಇಂಜಿನ್ನನ್ನು ಮುಚ್ಚಿದ ಒಂದು ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯ ಮೇಲೆ ಪೆಟ್ರೋಲು ಹಾಕಲು ದುಂಡನೆಯ ಮುಚ್ಚಳ. ವಿಮಾನದ ಕಾರ್ಖಾನೆಯ ವಿಶಾಲ ಅಂಗಳದಲ್ಲಿ ಅಮೆರಿಕದ ಮೆಕ್ಯಾನಿಕ್ಕುಗಳು ಆ ತುದಿಯಿಂದ ಈ ತುದಿಗೆ ಓಡಾಡಲು ಇಟ್ಟುಕೊಂಡಿದ್ದ ಗಾಡಿ ಅದು. ಸ್ಕೂಟರು ಎಂದರು ಸಾಬರು. ಕಾಲು ಮಡಿಸಿ ಕೂತ ಕರುವಿನ ಹಾಗೆ ಅದು ನಮ್ಮ ಬಾಗಿಲಲ್ಲಿ ಬೆಳಗಿನ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ನನಗೆ ನೋಡಿದೊಡನೆ ಅದರ ಮೇಲೆ ಮೋಹ ಹುಟ್ಟಿತು.

ಅಪ್ಪನಿಗೆ ಮೋಹದಲ್ಲಿ ನಂಬಿಕೆಯಿರಲಿಲ್ಲ. ಅತ್ತೆಗೆ ಸಿಗುವ ಪೆಟ್ರೋಲು ಕೂಪನ್ನು ಇಷ್ಟೇ ಇಷ್ಟು. ಅಷ್ಟರಲ್ಲಿ ತಿಂಗಳಿಡೀ ಹೋಗಿ ಬರುವ ಗಾಡಿ ಯಾವುದೋ ಅದೇ ಒಳ್ಳೆಯ ಗಾಡಿ. ಹಾಗಾದರೆ ಅಳೆದು ನೋಡಿಬಿಡೋಣವೆಂದು ಅವನು ಸೀದಾ ಅಡುಗೆಮನೆಗೆ ಹೋಗಿ, ಅಕ್ಕಿಡಬ್ಬದಿಂದ ಅಜ್ಜಿಯ ಹಿತ್ತಾಳೆ ಪಾವನ್ನು ತೆಗೆದುಕೊಂಡು ಬಂದ. ಅಜ್ಜಿ ಜಪಕ್ಕೆ ಕೂತಿದ್ದಳು. ಜಪ ಮುಗಿಸಿ ಬರುವಷ್ಟರಲ್ಲಿ ಪಾವಿನ ತುಂಬ ಪೆಟ್ರೋಲು.

"ಅಯ್ಯೋ ನಿನ್ನ! ನಮ್ಮತ್ತೆ ಕೊಟ್ಟ ಪಾವು ಕಣೋ ಅದು! ದೇವರ ನೈವೇದ್ಯಕ್ಕೆ ಅಕ್ಕಿ ಅಳೆಯೋದ್ರಲ್ಲಿ ಆ ದರಿದ್ರದ ಎಣ್ಣೆ ಸುರಿದಿದ್ದೀಯಲ್ಲ!"

"ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೋಗುತ್ತಮ್ಮಾ."

"ಹಾಗೆ ಬೇಕಾದ್ರೆ ನಿನ್ನ ತಲೆ ತಿಕ್ಕು. ಇನ್ನು ಆ ಪಾವು ಅಡುಗೆಮನೆ ಮೆಟ್ಟಿಲು ಹತ್ತೋ ಹಾಗಿಲ್ಲ."

ಹತ್ತಲೂ ಇಲ್ಲ. ಮರುದಿನ ಅಮ್ಮ ಪೇಟೆಯಿಂದ ಹೊಸ ಪಾವು ತಂದಳು, ಹಳೆಯದು ಜಗಲಿಯ ಗೂಡಿಗೆ ಹೋಯಿತು. ಅವತ್ತಿನ ಮಟ್ಟಿಗೆ ಪರೀಕ್ಷೆ ನಡೆಯಿತು. ಖಾಲಿ ಮಾಡಿದ ಟ್ಯಾಂಕಿಗೆ ಒಂದೇ ಒಂದು ಪಾವು ಪೆಟ್ರೋಲು. ಮದರಾಸು ರಸ್ತೆಯಲ್ಲಿ ಕೆ.ಆರ್. ಪುರದ ದಿಕ್ಕಿಗೆ ಹೊರಟು, ಗಾಡಿ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಅದರ ಯೋಗ್ಯತೆ. ವಾಪಸು ಬರಲು ಬಾಟಲಿಯಲ್ಲಿ ಇನ್ನೊಂದು ಪಾವು. ಓಡಿಸುವವರು ಸಾಬರು, ಹಿಂದೆ ಕೂತು ಮೈಲಿಗಲ್ಲು ನೋಡುವವನು ಅಪ್ಪ. ಫಟಫಟಿ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಹೊರಟು, ಬೈಯಪ್ಪನಹಳ್ಳಿ ಮುಟ್ಟುವ ಮೊದಲೇ ಸುಮ್ಮನಾಯಿತಂತೆ. ಇಂಜಿನ್ನಿನ ಸೈಕಲ್ಲಿಗೆ ಇಬ್ಬರನ್ನು ಹೊರುವ ತ್ರಾಣವಿಲ್ಲವೆಂದು ಸಾಬರು ಒಬ್ಬರೇ ಹೋದರು. ಅದು ಕೆ.ಆರ್. ಪುರವನ್ನೇ ಮುಟ್ಟಿಬಿಟ್ಟಿತು.

ಸ್ಕೂಟರಿನ ಸರದಿ ಬಂದಾಗ ನಾನು ಅಪ್ಪನ ಕಾಲು ಬಿಡಲಿಲ್ಲ. ಸಾಬರು ನಕ್ಕು, ನನ್ನನ್ನು ಮುಂದಿನ ತಗಡಿನ ಮೇಲೆ ತಮ್ಮ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು. ಆ ಸವಾರಿಯನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ, ಅದರಲ್ಲಿ ನಡೆದದ್ದೆಷ್ಟು ಕನಸಿನದೆಷ್ಟು ಎಂದು ಈಗ ಬೇರೆ ಮಾಡಲಾರೆ. ಹಲಸೂರು ಹಿಂದಾಯಿತು, ಮನೆಗಳು ಒಂದೊಂದಾಗಿ ಮುಗಿದವು. ಈಗ ಇಂದಿರಾನಗರ ಎಂದು ಕರೆಯುವ ಕಡೆ ಬರೀ ರಾಗಿ ಹೊಲ, ತೆನೆಗಳ ಮೇಲೆ ಇನ್ನೂ ಆರದ ಇಬ್ಬನಿ. ಗಾಳಿ ನನ್ನ ಎರಡು ಜಡೆಗಳನ್ನೂ ಹಿಂದಕ್ಕೆ ಹಾರಿಸಿತು. ನೆಲ ನನ್ನ ಕಾಲ ಕೆಳಗೇ, ಒಂದು ಗೇಣು ದೂರದಲ್ಲಿ, ನೀರಿನ ಹಾಗೆ ಹರಿಯುತ್ತಿತ್ತು. ಕಾರ್ಖಾನೆಯ ಕಡೆಯಿಂದ ಬೆಳ್ಳಿಯ ಬಣ್ಣದ ಒಂದು ವಿಮಾನ ಎದ್ದು, ಸದ್ದೇ ಇಲ್ಲದೆ ಮೋಡದೊಳಗೆ ಹೋಯಿತು. ಸದ್ದು ಇದ್ದಿರಬೇಕು, ನನಗೆ ಕೇಳಿಸಲಿಲ್ಲ ಅಷ್ಟೇ. ಬೆನ್ನಿಗಾನಹಳ್ಳಿ ಕೆರೆಯ ಏರಿಯ ಮೇಲೆ ಸ್ಕೂಟರು ಎರಡು ಸಲ ಕೆಮ್ಮಿ ನಿಂತುಕೊಂಡಿತು. ಆ ಮೌನದಲ್ಲಿ ಕೊಕ್ಕರೆಗಳು ಮಾತ್ರ ಇದ್ದವು. ಇದು ನಮ್ಮ ಮನೆಯಲ್ಲಿದ್ದರೆ ಅತ್ತೆ ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲಿ ನಿಂತು ನಾನು ಖಚಿತ ಮಾಡಿಕೊಂಡೆ.

ಮನೆಗೆ ಬಂದಾಗ ಗಾಡಿಯ ಮೈ ಹೆಂಚಿನ ಹಾಗೆ ಕಾದಿತ್ತು. ಅಜ್ಜಿ ಜಗಲಿಯಿಂದ ಕೈ ಚಾಚಿ ಅದರ ಪೆಟ್ಟಿಗೆಯನ್ನು ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ರಾಮ ರಾಮ, ಏನು ಉಷ್ಣವೇ ಇದಕ್ಕೆ!"

ಈ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಅಳತೆಯಲ್ಲಿ ಗೆದ್ದದ್ದು ಇಂಜಿನ್ನಿನ ಸೈಕಲ್ಲು. ಅಪ್ಪ ಅದನ್ನೇ ಕೊಳ್ಳೋಣವೆಂದ. ಅಲ್ಲಿಯವರೆಗೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಆಗ ಹೊರಗೆ ಬಂದು, ಸೈಕಲ್ಲಿನ ಚೈನನ್ನು ನೋಡಿದಳು, ತನ್ನ ಸೀರೆಯ ನೆರಿಗೆ ನೋಡಿಕೊಂಡಳು.

"ಅಣ್ಣಯ್ಯ, ದಿಣ್ಣೆ ಬಂದ್ರೆ ಇದನ್ನ ಪೆಡಲ್ ತುಳೀಬೇಕು. ಸೀರೆ ಚೈನಿಗೆ ಸಿಕ್ಕಿ ನಾನು ರಸ್ತೆ ಮಧ್ಯ ಬಿದ್ರೆ ಪೆಟ್ರೋಲು ಉಳಿದು ಏನು ಬಂತು?"

"ಸಚ್ ಬಾತ್ ಅಮ್ಮಾ," ಎಂದರು ಖಾದರ್ ಸಾಬರು. "ಸೈಕಲ್ ನಕ್ಕೋ, ಬೇಡ. ನಾನು ಯಾಪಾರಕ್ಕೆ ಹೇಳಲ್ಲ. ಈ ಸ್ಕೂಟರಲ್ಲಿ ನೀವು ಕುರ್ಚೀಲಿ ಕುಂತಂಗೆ ಕುಂತು ಹೋಗ್ಬೋದು. ಗೇರಿಲ್ಲ, ಏನಿಲ್ಲ. ಹಿಡಿಕೆ ತಿರುಗ್ಸಿದ್ರೆ ಮುಂದೆ, ಕಾಲು ಒತ್ತಿದ್ರೆ ನಿಂತೋಯ್ತು."

ಅತ್ತೆ ಸ್ಕೂಟರಿನ ಮೇಲೆ ಕೂತಳು. ಕಾಲು ಎತ್ತಿ ಹಾಕಬೇಕಾಗಿರಲಿಲ್ಲ, ಸೀರೆ ಸರಿಮಾಡಿಕೊಳ್ಳಬೇಕಾಗಿರಲಿಲ್ಲ. ಮನೆಯ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ನೋಡಿದವಳಲ್ಲ, ಯಾವಾಗಲೂ ನೆಲ ಅಥವಾ ಹೊಸ್ತಿಲು. ಇಡೀ ಬೀದಿಯ ಎದುರು ನೆಟ್ಟಗೆ ಕೂತು ಅವಳು ಎರಡೂ ಕೈಗಳಿಂದ ಹಿಡಿಕೆ ಹಿಡಿದಳು. ಇದೇ ಇರಲಿ ಎಂದಳು. ಅವಳೇ ಕೂಡಿಟ್ಟಿದ್ದ ಹಣದಲ್ಲಿ ಗಾಡಿ ನಮ್ಮದಾಯಿತು. ನನಗಾದ ಸಂತೋಷಕ್ಕೆ ಮಿತಿಯಿರಲಿಲ್ಲ.

ಆಮೇಲಿನ ಭಾನುವಾರಗಳಲ್ಲೆಲ್ಲ ಕೆರೆಯ ಪಕ್ಕದ ಬಯಲಿನಲ್ಲಿ ಪಾಠ. ಬೆಳಗಿನ ಮಂಜಿನೊಳಗೆ ಸಾಬರ ಕೂಗು ಮೊದಲು ಕೇಳಿಸುತ್ತಿತ್ತು, "ಕೆಳಗೆ ನೋಡೋದು ನಕ್ಕೋ ಅಮ್ಮಾ! ದೂರ ನೋಡಿ, ದೂರ!" ಆಮೇಲೆ ಮಂಜನ್ನು ಸೀಳಿಕೊಂಡು ಅತ್ತೆಯ ಬಿಳಿ ಸೀರೆ. ಎರಡು ಸಲ ಬಿದ್ದು ಮೊಣಕೈ ತರಚಿಕೊಂಡಳು. ಮೂರನೆಯ ಭಾನುವಾರ ಬಯಲನ್ನು ಒಂದು ಸುತ್ತು ಹಾಕಿ ನಮ್ಮ ಮುಂದೆ ಬಂದು ನಿಂತಾಗ ಅವಳು ನಗುತ್ತಿದ್ದಳು, ಹಲ್ಲು ಕಾಣುವ ಹಾಗೆ. ಅದು ನಮ್ಮ ಮನೆಯೊಳಗಿನ ನಗುವಾಗಿರಲಿಲ್ಲ.

ಕೆಲಸಕ್ಕೆ ಹೋಗುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಗಾಡಿಗೆ ಪೂಜೆ. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ದಾಟಿಸುವ ಶಾಸ್ತ್ರ ಜಟಕಾದವರಿಂದ ಹಿಡಿದು ಎಲ್ಲರಿಗೂ ಉಂಟು. ಅಜ್ಜಿ ಬೀದಿಗೆ ರಂಗೋಲಿ ಹಾಕಿಸಿದಳು, ಚೆಂಡುಹೂವಿನ ಮಾಲೆ ಕಟ್ಟಿಸಿದಳು. ಅತ್ತೆ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ಕೈಯಲ್ಲಿ ಎರಡು ನಿಂಬೆಹಣ್ಣು ಹಿಡಿದುಕೊಂಡು ಹೊರಗೆ ಬಂದಳು. ಅಜ್ಜಿ ಅವಳ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದಳು.

"ತುಂಗಾ, ನೀನು ಒಳಗಿರು. ಒಳ್ಳೆ ಕೆಲಸ, ಮೊದಲ ಆರತಿ ನಿಮ್ಮತ್ತಿಗೆ ಎತ್ತಲಿ. ನಿಂಬೆಹಣ್ಣು ಅವಳ ಕೈಲಿ ಕೊಡು."

ಅಮ್ಮ ಕಕ್ಕಾಬಿಕ್ಕಿಯಾದಳು. ಅಪ್ಪ ನಶ್ಯದ ಡಬ್ಬಿ ಹುಡುಕತೊಡಗಿದ. ಅತ್ತೆ ನಿಂಬೆಹಣ್ಣುಗಳನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಅಮ್ಮ ಆರತಿ ಎತ್ತಿದಳು, ಸಾಬರು ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಉರುಳಿಸಿದರು, ನಾವೆಲ್ಲ ಕೊಸಂಬರಿ ತಿಂದೆವು. ನಾನು ಎರಡು ಸಲ ಹಾಕಿಸಿಕೊಂಡೆ. ನನ್ನ ಕಣ್ಣೆಲ್ಲ ಕುಂಕುಮವಿಟ್ಟುಕೊಂಡ ಸ್ಕೂಟರಿನ ಮೇಲಿತ್ತು, ಬಾಗಿಲ ಹಿಂದಕ್ಕೆ ಹೋಗಲಿಲ್ಲ.

ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದರು. ಸ್ಕೂಟರು ಹಿತ್ತಲಲ್ಲಿ, ಬಚ್ಚಲ ಪಕ್ಕದಲ್ಲಿ ಬಿಸಿಲಿಗೆ ನಿಂತಿತ್ತು. ಮುಟ್ಟಿದೆ, ಸುಡುತ್ತಿತ್ತು. ಪಾಪ, ಎಲ್ಲಿಂದಲೋ ಹಡಗು ಹತ್ತಿ ಬಂದದ್ದು, ನಾಳೆ ಅಷ್ಟು ದೂರ ಓಡಬೇಕು, ಪೂಜೆಯೊಂದು ಆಯಿತು, ಆದರೆ ಅದಕ್ಕೆ ಎಣ್ಣೆಸ್ನಾನವನ್ನು ಯಾರೂ ಮಾಡಿಸಿಲ್ಲ. ಎಣ್ಣೆ ಬೀಳದೆ ಅದು ನಮ್ಮ ಮನೆಯದು ಹೇಗಾದೀತು? ನಾನು ಸದ್ದಿಲ್ಲದೆ ಹರಳೆಣ್ಣೆಯ ಸೀಸೆ ತಂದೆ. ನೆತ್ತಿ ಎಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮುಚ್ಚಳ ತಿರುಗಿಸಿ ತೆಗೆದು, ಅಜ್ಜಿ ಹಸುಗೂಸಿಗೆ ಮಾಡುವಂತೆಯೇ ಒಳಕ್ಕೆ ಎಣ್ಣೆ ಸುರಿದೆ, ಅಂಗೈಯಿಂದ ತಟ್ಟಿದೆ, ಮತ್ತೆ ಸುರಿದೆ. ಉಳಿದದ್ದನ್ನು ಮೈಗೆಲ್ಲ ಹಚ್ಚಿದೆ. ಹಂಡೆಯಲ್ಲಿ ಇನ್ನೂ ಬಿಸಿಯಿದ್ದ ನೀರನ್ನು ಚೊಂಬಿನಲ್ಲಿ ತಂದು ಹುಯ್ದು, ಸೀಗೆಪುಡಿಯಲ್ಲಿ ತಿಕ್ಕಿ, ನನ್ನ ಹಳೆಯ ಲಂಗದಿಂದ ಒರೆಸಿದೆ. ಕೊನೆಗೆ ಅದರ ಕಿವಿಯಂಥ ಹಿಡಿಕೆಯ ಹತ್ತಿರ ಬಾಗಿ, ಅತ್ತೆಯನ್ನು ದಿನಾ ಸಂಜೆ ವಾಪಸು ಕರೆದುಕೊಂಡು ಬಾ ಎಂದೆ. ಅಷ್ಟು ಪ್ರೀತಿಯಿಂದ ನಾನು ಜನ್ಮದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ತಕ್ಕಡಿಯ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿಯ ಕಿಕ್ಕು ತುಳಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ತುಳಿದಳು. ಗಾಡಿ ಗಂಟಲಲ್ಲಿ ಕಫ ಕಟ್ಟಿದವರಂತೆ ಗೊರಗೊರ ಎಂದು, ಒಂದು ಮೊರದಷ್ಟು ಬಿಳಿ ಹೊಗೆ ಉಗುಳಿ ಸುಮ್ಮನಾಯಿತು. ಹೊಗೆಗೆ ನಮ್ಮ ನಡುಮನೆಯ ವಾಸನೆ ಇತ್ತು. ಅಜ್ಜಿ ಗೂಡಿನಲ್ಲಿದ್ದ ಹರಳೆಣ್ಣೆಯ ಖಾಲಿ ಸೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೀಸೆಯನ್ನು ಒಳಕ್ಕೆ ಸರಿಸಿಟ್ಟಳು. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಅಪ್ಪ ಬಿಡಿಭಾಗಗಳ ಹೆಸರುಗಳನ್ನು ಒಂದಾದ ಮೇಲೊಂದು ಹೇಳುತ್ತ ಗಾಡಿಯ ಸುತ್ತ ಸುತ್ತಿದ. ಕೊನೆಗೆ ಸಾಬರಿಗೆ ಹೇಳಿಕಳಿಸಿ, ಅತ್ತೆ ಎರಡು ಸೀರೆ, ಒಂದು ಚೊಂಬು ಗಂಟು ಕಟ್ಟಿಕೊಂಡು ಇದ್ದಿಲು ಬಸ್ಸಿಗೆ ಹೊರಟಳು.

"ಗಾಡಿ ರಿಪೇರಿ ಆಗೋವರೆಗೂ ಕ್ವಾರ್ಟರ್ಸಲ್ಲೇ ಇರ್ತೀನಮ್ಮಾ. ನಾಕು ದಿನ," ಎಂದಳು. ಅಜ್ಜಿಗೆ ಬೇಡವೆನ್ನಲು ದಾರಿಯಿರಲಿಲ್ಲ.

ಸಾಬರು ಕೈಗಾಡಿಯ ಮೇಲೆ ಸ್ಕೂಟರನ್ನು ಹೇರಿಸಿಕೊಂಡು ಹೋದರು. ನಾಲ್ಕು ದಿನ ಎಂಟಾಯಿತು, ಹದಿನೈದಾಯಿತು. ದಿನವೂ ಸಂಜೆ ನಾನು ಅಪ್ಪನನ್ನು ಕೇಳುವುದು, ಅಪ್ಪ ಯಾವುದೋ ಸಾಮಾನು ಇನ್ನೂ ಸಿಕ್ಕಿಲ್ಲವಂತೆ ಎನ್ನುವುದು. ಕಂಬಳಿಯ ಅರ್ಧಭಾಗ ತಣ್ಣಗೆ ಬಿದ್ದಿರುತ್ತಿತ್ತು. ಅತ್ತೆಯನ್ನು ಮನೆಯಿಂದ ಓಡಿಸಿದವಳು ನಾನೇ ಎಂಬುದು ನಾನು ಯಾರಿಗೂ ಹೇಳದ ಪಾಪ, ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದೆ. ತಿಂಗಳಾದ ಮೇಲೆ ಗಾಡಿ ರಿಪೇರಿಯಾಯಿತು. ಸಾಬರು ಅದನ್ನು ನಮ್ಮ ಮನೆಗೆ ತರಲಿಲ್ಲ, ಸೀದಾ ಕೆ.ಆರ್. ಪುರಕ್ಕೇ ಮುಟ್ಟಿಸಿದರು. ಆ ಭಾನುವಾರ ಅತ್ತೆ ಸ್ಕೂಟರಿನಲ್ಲಿ ಬಂದಳು, ಅಜ್ಜಿಗೆ ಸೀಬೆಹಣ್ಣು ತಂದಳು, ಊಟ ಮಾಡಿ ಸಂಜೆ ಹೊರಟಳು. ಅಷ್ಟು ಹೊತ್ತಿಗೆ ಅಲ್ಲಿ ಬಾಣಂತಿಯರು ಬೆಳಗಿನ ಜಾವಕ್ಕೇ ಬರುತ್ತಾರೆ, ಇಲ್ಲಿಂದ ಹೋದರೆ ಆಗುವುದಿಲ್ಲ ಎಂಬ ಮಾತು ಗಟ್ಟಿಯಾಗಿತ್ತು. ಅಜ್ಜಿಯೂ ಅದನ್ನೇ ನೆರೆಯವರಿಗೆ ಹೇಳತೊಡಗಿದಳು. ಮನೆಯಿಂದ ಕೆಲಸಕ್ಕೆ ಹೋಗಿ ಬರಲೆಂದು ಆರಿಸಿದ ಗಾಡಿ, ಕೆಲಸದ ಊರಿನಿಂದ ಮನೆಗೆ ಬಂದು ಹೋಗುವ ಗಾಡಿಯಾಯಿತು.

ಬಾಯಿ ಬಿಟ್ಟು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು. ಅಜ್ಜಿ ತೀರಿಕೊಂಡಿದ್ದಳು, ನಾನು ಕಾಲೇಜಿಗೆ ಸೇರಿದ್ದೆ. ರಜೆಯಲ್ಲಿ ಅತ್ತೆಯ ಕ್ವಾರ್ಟರ್ಸಿಗೆ ಹೋಗಿದ್ದಾಗ ಅವಳು ಹೊಂಗೆ ಮರದ ಕೆಳಗೆ ನನ್ನನ್ನು ಸ್ಕೂಟರಿನ ಮೇಲೆ ಕೂರಿಸಿದಳು. ಬಣ್ಣ ಹೋಗಿತ್ತು, ಸೀಟಿಗೆ ತೇಪೆ ಬಿದ್ದಿತ್ತು. ಆ ದುಂಡು ಮುಚ್ಚಳ ಕಣ್ಣಿಗೆ ಬಿದ್ದೊಡನೆ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಇದು ಕೆಟ್ಟಿದ್ದು ನನ್ನಿಂದ. ಟ್ಯಾಂಕಿಗೆ ಹರಳೆಣ್ಣೆ ಹಾಕಿದ್ದು ನಾನು."

ಅವಳು ತಲೆಯ ಮೇಲೆ ಉದುರಿದ ಹೊಂಗೆ ಹೂವನ್ನು ಕೊಡವಿಕೊಂಡಳು.

"ಗೊತ್ತು ಕಣೆ. ಗಾಡಿಯೆಲ್ಲಾ ಸೀಗೆಪುಡಿ ವಾಸನೆ ಬರ್ತಿತ್ತು. ಗೊತ್ತಾಗ್ದೆ ಇರುತ್ತಾ?"

"ನನ್ನಿಂದ ನೀನು ಒಂದು ತಿಂಗಳು..."

"ತಿಂಗಳು ಎಲ್ಲಿ ಬಂತು? ಸಾಬರು ಅವತ್ತು ಮಧ್ಯಾಹ್ನವೇ ಟ್ಯಾಂಕು, ಕಾರ್ಬುರೇಟರು ಎಲ್ಲಾ ತೊಳೆದು ಓಡಿಸ್ಕೊಂಡು ಇಲ್ಲಿಗೇ ಬಂದ್ರು. ತಗೊಳ್ಳಿ ಅಮ್ಮಾ ಅಂದ್ರು. ನಾನೇ ಅಂದೆ, ಒಂದು ತಿಂಗಳು ನಿಮ್ಮ ಶೆಡ್ಡಲ್ಲಿ ಇಟ್ಕೊಳ್ಳಿ, ಯಾರು ಕೇಳಿದ್ರೂ ಸಾಮಾನು ಸಿಕ್ಕಿಲ್ಲ ಅನ್ನಿ ಅಂತ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹತ್ತು ವರ್ಷ ನಾನು ಹೊತ್ತ ಪಾಪವನ್ನು ಇವಳು ಇಷ್ಟು ಸಲೀಸಾಗಿ ಕೊಡವಿಬಿಟ್ಟಳಲ್ಲ! ತಣ್ಣನೆಯ ಕಂಬಳಿ, ಸಂಜೆ ಸಂಜೆ ಅಪ್ಪನ ಹಿಂದೆ ಅಲೆದದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂತು. ನಾನು ನಿನಗೆ ಬೇಡವಾಗಿದ್ದೆನಾ ಎಂದು ಕೇಳಿದೆ.

"ನೀನೊಬ್ಬಳೇ ಬೇಕಾಗಿದ್ದವಳು. ಅದಕ್ಕೇ ಹೊರಡೋಕೆ ಧೈರ್ಯ ಬಂದಿರ್ಲಿಲ್ಲ. ನೀನು ಎಣ್ಣೆ ಹಾಕ್ದೆ, ನನಗೊಂದು ನೆಪ ಸಿಕ್ತು." ಗಾಡಿಯ ಹಿಡಿಕೆ ಸವರುತ್ತ ಅವಳು ಹೇಳಿದಳು, "ನನ್ನ ಗಾಡಿಗೆ ನಿಂಬೆಹಣ್ಣು ನಾನು ಇಡೋ ಹಾಗಿರ್ಲಿಲ್ಲ ಇಂದೂ. ತಿಂಗಳಾದ ಮೇಲೆ ಸಾಬರು ಇದನ್ನ ಇಲ್ಲಿಗೆ ತಂದು ಕೊಟ್ಟ ದಿವಸ ನಾನೇ ಇಟ್ಟೆ. ಎರಡು ಚಕ್ರಕ್ಕೂ."

ಬಾಗಿಲ ಹಿಂದಕ್ಕೆ ಅವತ್ತು ಹೋಗದ ನನ್ನ ಕಣ್ಣು ಆಗ ಹೋಯಿತು. ಕೊಸಂಬರಿಯನ್ನು ಎರಡು ಸಲ ಹಾಕಿಸಿಕೊಂಡದ್ದಕ್ಕೆ ನಾಚಿಕೆಯಾಯಿತು. ಅತ್ತೆ ಒಳಗೆ ಹೋಗಿ, ಎರಡು ನಿಂಬೆಹಣ್ಣು ತಂದು, ಬಾಗಿ, ಚಕ್ರಗಳ ಕೆಳಗೆ ಇಟ್ಟಳು. ಕೆಳಗೆ ನೋಡಬೇಡ, ದೂರ ನೋಡು ಎಂದಳು. ನಾನು ಕಿಕ್ಕು ತುಳಿದು ಹಿಡಿಕೆ ತಿರುಗಿಸಿದೆ. ಹಣ್ಣುಗಳು ಚಟ್ಟೆಂದವು, ಗಾಡಿ ನಡುಗಿ ಮುಂದಕ್ಕೆ ಹೋಯಿತು. ಸುಮಾರು ದೂರ ಹೋಗಿ ಹೇಗೋ ನಿಲ್ಲಿಸಿ ತಿರುಗಿ ನೋಡಿದೆ. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಅತ್ತೆ ರಸ್ತೆಯ ನಟ್ಟನಡುವೆ, ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು.